ಹಠ ಬಿಡಿಸೋಕೆ ಮುಂಚೆ ಒಂದು ವಾರ ಬರೆದಿಡಿ

ಪ್ರಶ್ನೆ: ಮಗನಿಗೆ ನಾಲ್ಕು ವರ್ಷ. ಊಟಕ್ಕೆ ಕೂರಿಸಿದ್ರೆ ಸಾಕು, ಮೊಬೈಲ್ ಕೊಡು ಅಂತ ನೆಲದ ಮೇಲೆ ಬಿದ್ದು ಹೊರಳಾಡ್ತಾನೆ. ನಾನು ಕೊಡಲ್ಲ ಅಂದ್ರೆ ಅತ್ತೆ ಪಾಪ ಮಗು ಅಂತ ಕೊಟ್ಬಿಡ್ತಾರೆ. ಬಿಹೇವಿಯರ್ ಮಾಡಿಫಿಕೇಶನ್, ಅಂದ್ರೆ ನಡವಳಿಕೆ ತಿದ್ದೋ ವಿಧಾನ ಅಂತಾರಲ್ಲ, ಅದ್ರಿಂದ ಸರಿಹೋಗುತ್ತಾ? ಸರಿಹೋಗ್ತಿದೆ ಅಂತ ಗೊತ್ತಾಗೋದು ಹೇಗೆ?
– ಒಬ್ಬ ತಾಯಿ, ಸಕಲೇಶಪುರ

ಉತ್ತರ: ಸರಿಹೋಗುತ್ತೆ ಕಣಮ್ಮ. ಆದ್ರೆ ಇವತ್ತೇ ಏನೂ ಬದಲಾಯಿಸ್ಬೇಡಿ, ಒಂದು ವಾರ ಬರೀ ನೋಡಿ ಬರೆದಿಡಿ. 'ತುಂಬಾ ಹಠ ಮಾಡ್ದ' ಅಂತ ಬರೆದ್ರೆ ಪ್ರಯೋಜನ ಇಲ್ಲ. ಮುದ್ದೆ ತಟ್ಟೆ ಮುಂದಿಟ್ಟ ತಕ್ಷಣ ಶುರುವಾಯ್ತಾ ಇಲ್ಲ ಅಜ್ಜಿ ಬಂದ್ಮೇಲಾ, ಎಷ್ಟು ನಿಮಿಷ ಅತ್ತ, ಕೊನೆಗೆ ಅವನಿಗೆ ಸಿಕ್ಕಿದ್ದೇನು ಅಂತ ಬರೀರಿ. ಇದೇ ಬೇಸ್‌ಲೈನ್, ಅಂದ್ರೆ ಏನೂ ಬದಲಾಯಿಸೋಕೆ ಮುಂಚಿನ ಲೆಕ್ಕ; ಆಮೇಲೆ ಸರಿಹೋಗ್ತಿದೆಯಾ ಅಂತ ಇದಕ್ಕೇ ಹೋಲಿಸಿ ನೋಡೋದು. ಒಂದೆರಡು ದಿನ ನಿಮ್ಮ ಯಜಮಾನ್ರೂ ಬೇರೆಯಾಗಿ ಟೈಮ್ ನೋಡಿ ಬರೀಲಿ, ಇಬ್ರ ಲೆಕ್ಕ ತಾಳೆ ಬಿದ್ರೆ ಮಾತ್ರ ನಂಬಬಹುದು.

ಅತ್ರೆ ಮೊಬೈಲ್ ಸಿಗುತ್ತೆ ಅಂತ ಮಗ ಕಲಿತಿದಾನೆ, ಕೊಟ್ರೆ ಅಳು ನಿಲ್ಲುತ್ತೆ ಅಂತ ಅತ್ತೇನೂ ಕಲಿತಿದಾರೆ, ಹಾಗಾಗಿ ಅವರನ್ನ ಬೈದು ಫಲ ಇಲ್ಲ, ಕೂರಿಸಿಕೊಂಡು ಆ ಬರೆದಿದ್ದನ್ನೇ ತೋರಿಸಿ. ಒಂದಿನ ಕೊಟ್ಟು ಒಂದಿನ ಕೊಡದೆ ಇರೋದಂತೂ ಎಲ್ಲಕ್ಕಿಂತ ಕೆಟ್ಟದ್ದು, ಇವತ್ತು ಸಿಗಬಹುದೇನೋ ಅಂತ ಹಠ ಇನ್ನೂ ಗಟ್ಟಿಯಾಗುತ್ತೆ. ಅಮೆರಿಕದ ಮನಶ್ಶಾಸ್ತ್ರಜ್ಞ ಸಿ.ಡಿ. ವಿಲಿಯಮ್ಸ್ 1959ರಲ್ಲಿ 21 ತಿಂಗಳ ಒಂದು ಮಗುವಿನ ಬಗ್ಗೆ ಬರೆದಿದ್ರು. ಮಲಗಿಸಿ ಹೊರಗೆ ಬಂದ್ರೆ ಕಿರುಚಾಡ್ತಿತ್ತು. ಅತ್ರೂ ಒಳಗೆ ಹೋಗೋದು ಬಿಟ್ಟಾಗ ಮೊದಲ ಸಲ 45 ನಿಮಿಷ ಅತ್ತಿತು, ಹತ್ತನೇ ಸಲದ ಹೊತ್ತಿಗೆ ಅಳೂನೇ ಇಲ್ಲ. ಆಮೇಲೆ ಸಂಬಂಧಿಕರೊಬ್ರು ಮಲಗಿಸೋಕೆ ಹೋದೋರು ಅಳು ಕೇಳಿ ವಾಪಸ್ ಹೋಗಿ ಕೂತ್ರು, ಅಷ್ಟಕ್ಕೇ ಹಠ ಮತ್ತೆ ಬಂತು, ಪೂರ್ತಿ ಇನ್ನೊಂದು ಸುತ್ತು ಮಾಡಬೇಕಾಯ್ತು. ಅದಕ್ಕೇ ಅತ್ತೆ ಒಪ್ಪೋವರೆಗೂ ಶುರು ಮಾಡ್ಬೇಡಿ.

ಸಂಶೋಧಕರು ಉಪಾಯವನ್ನ ಸ್ವಲ್ಪ ದಿನ ನಿಲ್ಲಿಸಿ, ಹಠ ವಾಪಸ್ ಬರುತ್ತಾ ನೋಡಿ, ಮತ್ತೆ ಶುರು ಮಾಡಿ, ಆ ಉಪಾಯದಿಂದಲೇ ಸರಿಹೋಯ್ತು ಅಂತ ಖಚಿತ ಮಾಡ್ಕೋತಾರೆ. ಮನೇಲಿ ಅದು ಬೇಡ. ಮೊದಲು ರಾತ್ರಿ ಊಟಕ್ಕೆ ಮಾತ್ರ ಮೊಬೈಲ್ ನಿಲ್ಲಿಸಿ, ಬೆಳಗಿನ ತಿಂಡಿ ಹೊತ್ತಿಗೆ ಹೇಗಿದೆಯೋ ಹಾಗೇ ಬಿಟ್ಟು ಬರೀತಾ ಇರಿ, ರಾತ್ರಿ ಹಠ ಇಳಿದ್ಮೇಲೆ ತಿಂಡಿಗೂ ನಿಲ್ಲಿಸಿ. ನೀವು ಯಾವ ಹೊತ್ತಿಗೆ ಮೊಬೈಲ್ ನಿಲ್ಲಿಸಿದ್ರೋ ಆ ಹೊತ್ತಿಗೇ, ನಿಲ್ಲಿಸಿದ ಮೇಲೇ ಹಠ ಇಳಿದ್ರೆ ಮಗು ದೊಡ್ಡದಾಗಿ ತಾನಾಗೇ ಬಿಟ್ಟಿದ್ದಲ್ಲ ಅಂತ ಧೈರ್ಯವಾಗಿ ಹೇಳಬಹುದು.

ಜೊತೆಗೆ ಮೊದಲ ತುತ್ತು ಅಳದೆ ಬಾಯಿಗಿಟ್ಟ ಕ್ಷಣವೇ ಹೊಗಳಿ, ಪಕ್ಕ ಕೂತು ಕಥೆ ಹೇಳಿ. ಆಮೇಲೆ ಯಾವಾಗಲೋ ಕೊಡೋ ಚಾಕ್ಲೇಟಿಗೂ ಆ ತುತ್ತಿಗೂ ಅವನ ತಲೇಲಿ ಸಂಬಂಧ ಕೂರಲ್ಲ. ಮೊದಲ ದಿನಗಳಲ್ಲಿ ಅಳು ಜೋರಾಗಬಹುದು, ಆಗ ಸೋತು ಕೊಟ್ರೆ ಜೋರಾಗಿ ಅಳಬೇಕು ಅಂತ ಕಲಿಸಿದ ಹಾಗಾಗುತ್ತೆ. ತಲೆ ಗೋಡೆಗೆ ಚಚ್ಚಿಕೊಳ್ತಾನೆ, ಮಾತು ತಡವಾಗಿದೆ ಅನ್ನೋ ಥರ ಇದ್ರೆ ಮಾತ್ರ ಇದ್ಯಾವುದನ್ನೂ ನೀವೇ ಮಾಡ್ಬೇಡಿ, ಹಾಸನದಲ್ಲಿ ಮಕ್ಕಳ ಡಾಕ್ಟ್ರಿಗೆ ತೋರಿಸಿ, ಬರೆದಿಟ್ಟ ಹಾಳೆ ಜೊತೆಗೆ ತಗೊಂಡೋಗಿ.