ಪಶ್ಚಿಮಕ್ಕೆ ಮುಖ ಮಾಡಿದ ನಿವೇಶನದಲ್ಲಿ ಅಮ್ಮನ ಕೋಣೆ ಎಲ್ಲಿರಬೇಕು?

ಪ್ರಶ್ನೆ: ದಾವಣಗೆರೆಯಲ್ಲಿ ನಮಗೆ 30x40 ಅಡಿಯ ನಿವೇಶನವಿದೆ, ರಸ್ತೆ ಪಶ್ಚಿಮಕ್ಕಿದೆ. ಮನೆಯಲ್ಲಿ ನಾವಿಬ್ಬರು, ಶಾಲೆಗೆ ಹೋಗುವ ಇಬ್ಬರು ಮಕ್ಕಳು ಮತ್ತು ಮಂಡಿನೋವಿರುವ 72 ವರ್ಷದ ನನ್ನ ತಾಯಿ ಇದ್ದೇವೆ. ಮುಂದೆ ಅನುಕೂಲವಾದಾಗ ಮೇಲೊಂದು ಮನೆ ಕಟ್ಟಿ ಬಾಡಿಗೆಗೆ ಕೊಡುವ ಯೋಚನೆಯಿದೆ. ಎಂಜಿನಿಯರ್ ಒಬ್ಬರು ಮನೆಯ ಮುಂಭಾಗದ ಚೆಂದದ ಚಿತ್ರವನ್ನು ಕಂಪ್ಯೂಟರಿನಲ್ಲಿ ಮಾಡಿಕೊಟ್ಟಿದ್ದಾರೆ. ಆದರೆ ಒಳಗೆ ಮೂರು ಮಲಗುವ ಕೋಣೆಗಳನ್ನು ಹೇಗೆ ಹೊಂದಿಸಿದರೂ ಇಕ್ಕಟ್ಟಾಗುತ್ತಿದೆ. ಎಲ್ಲಿಂದ ಆರಂಭಿಸಬೇಕು?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಮುಂಭಾಗದ ಚಿತ್ರವನ್ನು ಸದ್ಯಕ್ಕೆ ಎತ್ತಿಡಿ. ನಿಮ್ಮ ಮನೆಯ ನಕ್ಷೆ ತಾಯಿಯವರ ಕೋಣೆಯಿಂದ ಆರಂಭವಾಗಬೇಕು, ಏಕೆಂದರೆ ಉಳಿದ ನಾಲ್ವರು ಹೇಗಾದರೂ ಹೊಂದಿಕೊಂಡು ಹೋಗಬಲ್ಲರು. ಅವರಿಗೆ ಅದು ಸಾಧ್ಯವಿಲ್ಲ.

ಮೊದಲು ಇರುವ ಜಾಗದ ಲೆಕ್ಕ ಹಾಕೋಣ. 1,200 ಚದರ ಅಡಿ ಎಂದ ಕೂಡಲೇ ಹನ್ನೆರಡು ಚದರದ ಮನೆ ಮನಸ್ಸಿನಲ್ಲಿ ಮೂಡುತ್ತದೆ. ಸುತ್ತಲೂ ಎಷ್ಟು ಜಾಗ ಬಿಡಬೇಕೆಂಬುದನ್ನು ನಿಮ್ಮ ಪಾಲಿಕೆಯ ಕಟ್ಟಡ ನಿಯಮಗಳಲ್ಲಿ ನೋಡಿಯೇ ಖಚಿತಪಡಿಸಿಕೊಳ್ಳಬೇಕು; ಉದಾಹರಣೆಗೆ ಎರಡೂ ಪಕ್ಕಗಳಲ್ಲಿ ಮತ್ತು ಹಿಂದೆ ಮೂರಡಿ, ಮುಂದೆ ಐದಡಿ ಬಿಟ್ಟರೆಂದು ಇಟ್ಟುಕೊಳ್ಳಿ. ಆಗ ಉಳಿಯುವುದು 24x32 ಅಡಿ, ಅಂದರೆ 768 ಚದರ ಅಡಿ. ಒಂಬತ್ತಿಂಚಿನ ಗೋಡೆಗಳನ್ನು ಕಳೆದರೆ ಓಡಾಡುವ ಜಾಗ ಇನ್ನೂ ಕಡಿಮೆ. ಇದರಲ್ಲಿ ಮೆಟ್ಟಿಲಿಗೂ ಪಾಲಿದೆ. ಒಂದು ಮಹಡಿಯಿಂದ ಇನ್ನೊಂದಕ್ಕೆ ಹತ್ತೂವರೆ ಅಡಿ ಎತ್ತರವಿದ್ದರೆ ಏಳಿಂಚಿನ ಹದಿನೆಂಟು ಮೆಟ್ಟಿಲು ಬೇಕಾಗುತ್ತವೆ. ನಡುವೆ ತಿರುಗುವ ಮೆಟ್ಟಿಲಾದರೂ ಅದು ಸುಮಾರು ಹತ್ತಡಿ ಉದ್ದ, ಆರೂವರೆ ಅಡಿ ಅಗಲದ ಜಾಗವನ್ನು ತೆಗೆದುಕೊಳ್ಳುತ್ತದೆ. ನಿಮಗೆ ಇಕ್ಕಟ್ಟೆನಿಸುತ್ತಿರುವುದು ಇದರಿಂದಲೇ. ಆದ್ದರಿಂದ ಕೆಳಗೆ ಎರಡೇ ಮಲಗುವ ಕೋಣೆಗಳನ್ನು ಮಾಡಿ, ಊಟದ ಜಾಗದ ಪಕ್ಕದಲ್ಲಿ ಮಕ್ಕಳ ಓದಿಗೆ ಕಿಟಕಿಯಿರುವ ಒಂದು ಮೂಲೆಯನ್ನು ಬಿಡಿ. ಮೇಲಿನ ಮನೆ ಕಟ್ಟುವಾಗ ಅಲ್ಲೊಂದು ಕೋಣೆಯನ್ನು ನಿಮಗಾಗಿ ಇಟ್ಟುಕೊಳ್ಳಬಹುದು. ಮೂರು ಇಕ್ಕಟ್ಟಿನ ಕೋಣೆಗಳಿಗಿಂತ ಎರಡು ಹದವಾದ ಕೋಣೆಗಳು ಲೇಸು.

ಈಗ ದಿಕ್ಕಿನ ವಿಚಾರ. ನಿಮ್ಮೂರಿನಲ್ಲಿ ಏಪ್ರಿಲ್ ತಿಂಗಳ ಸಂಜೆ ನಾಲ್ಕರ ಬಿಸಿಲು ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ದಕ್ಷಿಣದ ಬಿಸಿಲನ್ನು ತಡೆಯುವುದು ಸುಲಭ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗಲೂ ನಡುಹಗಲಿನಲ್ಲಿ ಸಾಕಷ್ಟು ಮೇಲೆಯೇ ಇರುವುದರಿಂದ ಕಿಟಕಿಯ ಮೇಲೆ ಎರಡಡಿಯ ಸಜ್ಜಾ ಹಾಕಿದರೆ ಸುಮಾರು ಎರಡೂವರೆ ಅಡಿಯವರೆಗೆ ನೆರಳು ಬೀಳುತ್ತದೆ. ಪಶ್ಚಿಮದ ಬಿಸಿಲು ಹಾಗಲ್ಲ. ಅದು ಕೆಳಗಿನಿಂದ, ಸಜ್ಜಾದ ಅಡಿಯಲ್ಲೇ ನುಗ್ಗಿ ಬಂದು ಗೋಡೆಯನ್ನು ಕಾಯಿಸುತ್ತದೆ, ಕಾದ ಗೋಡೆ ರಾತ್ರಿಯೆಲ್ಲಾ ಆ ಶಾಖವನ್ನು ಒಳಗೆ ಬಿಡುತ್ತದೆ. ಆದುದರಿಂದ ತಾಯಿಯವರನ್ನು ಹಿಂಬದಿಯ ಪೂರ್ವ ಭಾಗದಲ್ಲಿ, ಈಶಾನ್ಯದ ಕಡೆಗೆ ಮಲಗಿಸಿ. ಬೆಳಗಿನ ಎಳೆಬಿಸಿಲು ಕೋಣೆಗೆ ಬರುತ್ತದೆ, ಸಂಜೆಯ ಹೊತ್ತಿಗೆ ತಂಪಾಗಿರುತ್ತದೆ. ಪಕ್ಕದ ಆಗ್ನೇಯದಲ್ಲಿ ಅಡಿಗೆಮನೆ ಬಂದರೆ ರೂಢಿಗೂ ಒಪ್ಪುತ್ತದೆ, ತಾಯಿಯವರು ಕೂಗಿದರೂ ಕೇಳಿಸುತ್ತದೆ. ಬಚ್ಚಲನ್ನು ಅವರ ಕೋಣೆಗೆ ಹೊಂದಿಕೊಂಡು ಉತ್ತರದ ಗೋಡೆಯ ನಡುಭಾಗಕ್ಕೆ ತಂದರೆ ಈಶಾನ್ಯದ ಮೂಲೆಗೆ ಬಚ್ಚಲು ಬರುವುದೂ ತಪ್ಪುತ್ತದೆ. ಮೆಟ್ಟಿಲನ್ನು ವಾಯವ್ಯದ ಮೂಲೆಗೆ ಕೊಡಿ. ಅದು ಪಶ್ಚಿಮದ ಬಿಸಿಲಿಗೆ ಅಡ್ಡಲಾಗುತ್ತದೆ, ಬಾಡಿಗೆದಾರರು ನಿಮ್ಮ ಹಜಾರವನ್ನು ತುಳಿಯದೆ ಹೊರಗಿನಿಂದಲೇ ಮೇಲೆ ಹೋಗಬಹುದು.

ಯಜಮಾನರ ಕೋಣೆ ನೈರುತ್ಯದಲ್ಲೇ ಇರಬೇಕೆಂದು ಹಿರಿಯರು ಹೇಳಿಯೇ ಹೇಳುತ್ತಾರೆ. ಆ ನಂಬಿಕೆಯನ್ನು ನಾನು ಗೌರವಿಸುತ್ತೇನೆ. ಆದರೆ ಈ ನಿವೇಶನದಲ್ಲಿ ರಾತ್ರಿ ಹೆಚ್ಚು ಸೆಕೆಯಾಗುವ ಕೋಣೆ ಅದೇ ಎಂಬುದನ್ನು ತಿಳಿದು ಒಪ್ಪಿಕೊಳ್ಳಿ. ಬಟ್ಟೆಯ ಕಪಾಟುಗಳನ್ನೆಲ್ಲ ಪಶ್ಚಿಮದ ಗೋಡೆಗೆ ಸಾಲಾಗಿ ಇಟ್ಟು, ಕಿಟಕಿಯನ್ನು ದಕ್ಷಿಣಕ್ಕೆ ತಿರುಗಿಸಿದರೆ ಕಷ್ಟ ಬಹುಮಟ್ಟಿಗೆ ಕಡಿಮೆಯಾಗುತ್ತದೆ.

ತಾಯಿಯವರ ಬಚ್ಚಲಿನ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಹೇಳುತ್ತೇನೆ, ಏಕೆಂದರೆ ವಯಸ್ಸಾದವರು ಬೀಳುವುದು ಹೆಚ್ಚಾಗಿ ಅಲ್ಲಿಯೇ. ಬಚ್ಚಲಿಗೆ ಸಾಮಾನ್ಯವಾಗಿ ಎರಡೂವರೆ ಅಡಿಯ ಬಾಗಿಲು ಇಡುತ್ತಾರೆ. ನೀವು ಮೂರಡಿಯದ್ದನ್ನೇ ಇಡಿಸಿ. ಮುಂದೆ ವಾಕರ್ ಹಿಡಿದು ನಡೆಯುವ ಸ್ಥಿತಿ ಬಂದರೆ ಆ ಅರ್ಧ ಅಡಿ ಬಹಳ ದೊಡ್ಡದು. ಬಾಗಿಲು ಹೊರಕ್ಕೆ ತೆರೆಯಲಿ. ಒಳಗೆ ತೆರೆಯುವ ಬಾಗಿಲಿನ ಹಿಂದೆ ಯಾರಾದರೂ ಕುಸಿದು ಬಿದ್ದರೆ ಅದನ್ನು ಹೊರಗಿನಿಂದ ತಳ್ಳಲು ಆಗುವುದಿಲ್ಲ. ನಮ್ಮ ಮನೆಯಲ್ಲಿ ಹಾಗೆ ಆಗಿತ್ತು. ಅಜ್ಜಿಯನ್ನು ಹೊರಗೆ ತರಲು ಕಿಟಕಿಯ ಸರಳುಗಳನ್ನು ಕತ್ತರಿಸಬೇಕಾಯಿತು. ಕೋಣೆಗೂ ಬಚ್ಚಲಿಗೂ ನಡುವೆ ಎಡವುವಂತಹ ಮೆಟ್ಟಿಲು ಬಾರದಿರಬೇಕಾದರೆ ಬಚ್ಚಲಿನ ನೆಲವನ್ನು ತಗ್ಗಿಸಬೇಕೆಂದು ಮೇಸ್ತ್ರಿಗೆ ಪಾಯದ ಹಂತದಲ್ಲೇ ಹೇಳಿರಬೇಕು. ಕಮೋಡಿನ ಪಕ್ಕದಲ್ಲಿ ಹಿಡಿಕೆ ಕೂರಿಸುವ ಗೋಡೆ ನಾಲ್ಕೂವರೆ ಇಂಚಿನದ್ದಾಗಿರದೆ ಗಟ್ಟಿಯಾದ ಒಂಬತ್ತಿಂಚಿನದ್ದಾಗಿರಲಿ.

ಹೊರಗಿನ ಮೆಟ್ಟಿಲಿನ ಬಗ್ಗೆಯೂ ಒಂದು ಮಾತು. ಡಾಂಬರು ಹಾಕಿದಾಗಲೆಲ್ಲ ರಸ್ತೆ ಮೇಲೇರುವುದರಿಂದ ಮನೆಯ ನೆಲಗಟ್ಟು ಎರಡಡಿಯಾದರೂ ಎತ್ತರವಿರಲಿ ಎಂದು ಎಲ್ಲರೂ ಹೇಳುತ್ತಾರೆ, ಸರಿಯೇ. ಆದರೆ ಗಾಲಿಕುರ್ಚಿ ಸುರಕ್ಷಿತವಾಗಿ ಏರಲು ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಇಳಿಜಾರು ಬೇಕು, ಎಂದರೆ ಎರಡಡಿಗೆ ಇಪ್ಪತ್ತನಾಲ್ಕು ಅಡಿ. ಮುಂದಿನ ಐದಡಿಯಲ್ಲಿ ಅದು ಅಸಾಧ್ಯ. ಹೀಗಾಗಿ ಐದೈದು ಇಂಚಿನ ತಗ್ಗಾದ, ಒಂದಡಿ ಅಗಲದ ಮೆಟ್ಟಿಲುಗಳನ್ನು ಮಾಡಿಸಿ, ಎರಡೂ ಬದಿಗೆ ಹಿಡಿಕೆ ಹಾಕಿಸಿ. ಬಾಗಿಲ ಮುಂದೆ ಒಂದೂವರೆ ಅಡಿ ಎತ್ತರದ ಕಟ್ಟೆಯಿರುವ ಪುಟ್ಟ ಜಗಲಿ ಇದ್ದರೆ ಇನ್ನೂ ಒಳ್ಳೆಯದು. ಪಶ್ಚಿಮದ ಜಗಲಿಗೆ ಬೆಳಗಿನ ಹೊತ್ತು ಬಿಸಿಲು ತಾಗುವುದಿಲ್ಲ. ತರಕಾರಿ ಗಾಡಿ ಬರುವ ವೇಳೆಗೆ ತಾಯಿಯವರು ಅಲ್ಲಿ ನೆರಳಿನಲ್ಲಿ ಕುಳಿತಿರಬಹುದು.

ಇಷ್ಟು ತೀರ್ಮಾನವಾದ ಮೇಲೆ, ಪಾಯ ತೆಗೆಯುವ ಮುನ್ನ ಒಂದು ಭಾನುವಾರ ಮನೆಮಂದಿಯೆಲ್ಲ ನಿವೇಶನಕ್ಕೆ ಹೋಗಿ, ನಕ್ಷೆಯನ್ನು ಸುಣ್ಣದ ಪುಡಿಯಿಂದ ನೆಲದ ಮೇಲೆ ನಿಜವಾದ ಅಳತೆಯಲ್ಲಿ ಎಳೆಯಿರಿ. ಹತ್ತಡಿ ಅಗಲದ ಕೋಣೆಯಲ್ಲಿ ಆರಡಿ ಅಗಲದ ಮಂಚ ಮತ್ತು ಎರಡಡಿಯ ಬೀರುವನ್ನು ಗುರುತಿಸಿ ನೋಡಿ. ನಡುವೆ ಉಳಿಯುವುದು ಎರಡೇ ಅಡಿ, ಬೀರುವಿನ ಬಾಗಿಲು ತೆರೆದರೆ ಅದೂ ಇಲ್ಲ. ತಾಯಿಯವರು ರಾತ್ರಿ ಎದ್ದು ಬಚ್ಚಲಿಗೆ ಹೋಗುವ ದಾರಿಯಲ್ಲಿ ಅವರನ್ನೇ ಒಮ್ಮೆ ನಡೆಸಿ. ಸುಣ್ಣದ ಗೆರೆಯನ್ನು ಕಾಲಿನಿಂದ ಅಳಿಸಿ ಬದಲಿಸಬಹುದು. ಗೋಡೆ ಎದ್ದ ಮೇಲೆ ಪ್ರತಿ ಬದಲಾವಣೆಗೂ ಹಣ ತೆರಬೇಕು.

ಪ್ರಶ್ನೆ: ಪುತ್ತೂರಿನ ಬಳಿ ಇರುವ ಹಳೆಯ ಹೆಂಚಿನ ಮನೆಯನ್ನು ಕೆಡವಿ ತಾರಸಿ ಮನೆ ಕಟ್ಟಬೇಕೆಂದಿದ್ದೇವೆ. ನಕ್ಷೆ ಮಾಡಿಸುವಾಗ ಏನನ್ನು ಗಮನಿಸಬೇಕು?
— ಓದುಗರೊಬ್ಬರು, ದಕ್ಷಿಣ ಕನ್ನಡ

ಉತ್ತರ: ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಸುರಿಯುವ ನಿಮ್ಮ ಸೀಮೆಯಲ್ಲಿ ಸಮತಟ್ಟಾದ ತಾರಸಿ ಕಟ್ಟಿ, ಕೆಲವೇ ವರ್ಷಗಳಲ್ಲಿ ಅದು ಸೋರತೊಡಗಿದಾಗ ಅದರ ಮೇಲೆ ಶೀಟಿನ ಮಾಡು ಹಾಕಿಸಿದ ಮನೆಗಳನ್ನು ನೀವು ಊರೂರಿನಲ್ಲಿ ನೋಡಿರುತ್ತೀರಿ. ಒಂದೇ ಮನೆಗೆ ಎರಡು ಮಾಡಿನ ಖರ್ಚು ಇದು. ಇಳಿಜಾರು ಮಾಡನ್ನು ನಕ್ಷೆಯಲ್ಲೇ ಸೇರಿಸಿಕೊಳ್ಳಿ. ಮಳೆ ಬೀಸಿ ಬರುವ ನೈರುತ್ಯ ಮತ್ತು ಪಶ್ಚಿಮದ ಕಡೆಗೆ ಮಾಡು ಗೋಡೆಯಿಂದ ಮೂರಡಿಯಾದರೂ ಹೊರಚಾಚಿರಲಿ.

ಕೆಡವುವ ಮೊದಲು ಹಳೆಯ ಮನೆಯಲ್ಲಿ ಅರ್ಧ ದಿನ ಕಳೆಯಿರಿ. ಹೆಂಚುಗಳನ್ನು ಒಂದೊಂದಾಗಿ ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರೆ ಗಟ್ಟಿಯಾದವು ಗಣಗಣ ಎನ್ನುತ್ತವೆ, ಬಿರುಕು ಬಿಟ್ಟವು ಒಡಕು ದನಿ ಕೊಡುತ್ತವೆ. ಹಲಸು, ತೇಗದ ಬಾಗಿಲು ಕಿಟಕಿಗಳಿದ್ದರೆ ಅವುಗಳ ಅಳತೆಯನ್ನು ಬರೆದುಕೊಂಡು ನಕ್ಷೆ ಬರೆಯುವವರ ಕೈಗೆ ಕೊಡಿ. ಗೋಡೆ ಕಟ್ಟಿದ ಮೇಲೆ ಹಳೆಯ ಬಾಗಿಲನ್ನು ತಂದರೆ ಅದು ಕೂರುವುದಿಲ್ಲ, ಕೊನೆಗೆ ಕೊಟ್ಟಿಗೆ ಸೇರುತ್ತದೆ. ಕಂಬಳಿ ಹೊದ್ದು ಕುಳಿತ ಅಜ್ಜ ಮಳೆ ನೋಡುತ್ತಿದ್ದ ಜಾಗ ಯಾವುದೆಂದು ಮನೆಯವರನ್ನು ಕೇಳಿ. ಹೊಸ ಮನೆಯ ಚಾವಡಿಯನ್ನು ಆ ಕಡೆಗೇ ತೆರೆದಿಡಲು ಸಾಧ್ಯವೇ ಎಂದು ಯೋಚಿಸಿ.

ಪ್ರಶ್ನೆ: ಬೆಂಗಳೂರಿನಲ್ಲಿ 30x40 ನಿವೇಶನದಲ್ಲಿ ಮನೆ ಕಟ್ಟುತ್ತಿದ್ದೇನೆ. ಮಳೆನೀರು ಸಂಗ್ರಹದ ವ್ಯವಸ್ಥೆಯನ್ನು ಮನೆ ಮುಗಿದ ಮೇಲೆ ಮಾಡಿಸಿದರೆ ಸಾಕೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಸಾಲದು. ನಗರದಲ್ಲಿ ಈ ಅಳತೆಯ ನಿವೇಶನದ ಹೊಸ ಮನೆಗಳಿಗೆ 2009ರ ಕಾನೂನು ತಿದ್ದುಪಡಿಯಿಂದ ಇದು ಕಡ್ಡಾಯವಾಗಿದೆ. ಹಾಗಲ್ಲದಿದ್ದರೂ 800 ಚದರ ಅಡಿಯ ತಾರಸಿಯ ಮೇಲೆ ಒಂದಿಂಚು ಮಳೆ ಬಿದ್ದರೆ ಸುಮಾರು 1,890 ಲೀಟರ್ ನೀರಾಗುತ್ತದೆ. ಅದನ್ನು ಚರಂಡಿಗೆ ಬಿಡುವುದು ತರವಲ್ಲ. ತಾರಸಿಯ ಇಳಿಜಾರು ಯಾವ ಮೂಲೆಗೆ, ಪೈಪು ಇಳಿಯುವುದೆಲ್ಲಿ, ಶೋಧಕಕ್ಕೆ ಜಾಗ ಯಾವುದು ಎಂಬುದೆಲ್ಲ ಮೋಲ್ಡ್ ಹಾಕುವ ಮೊದಲೇ ನಕ್ಷೆಯಲ್ಲಿರಬೇಕು. ಸಂಪನ್ನು ಒಳಚರಂಡಿಯ ಗುಂಡಿಯಿಂದ ಆದಷ್ಟು ದೂರವಿಡಿ. ಅದರ ಬಾಯಿ ಕಾರು ನಿಲ್ಲುವ ಜಾಗದ ಕೆಳಗೆ ಬಾರದಂತೆ ನೋಡಿಕೊಳ್ಳಿ.