ಗಲ್ಲಾದ ಹುಡುಗಿ ಮತ್ತು ಹೊಸ ಗಿರಾಕಿ

ಪ್ರಶ್ನೆ: ಒಂದೇ ಮನೆಯವರು ನಡೆಸುವ ಪುಟ್ಟ ಹೋಟೆಲಿನ ಸುತ್ತ ಪ್ರೇಮ ಮತ್ತು ರಹಸ್ಯದ ಕಾದಂಬರಿ ಬರೆಯುತ್ತಿದ್ದೇನೆ. ಅಪ್ಪ ಕಾಣೆಯಾದ ಮೇಲೆ ಮಗಳು ಗಲ್ಲಾದಲ್ಲಿ ಕೂರುತ್ತಾಳೆ. ಅಪರಿಚಿತನೊಬ್ಬ ದಿನವೂ ಬರುತ್ತಾನೆ. ಪ್ರೇಮ ಬಂದೊಡನೆ ಕುತೂಹಲ ಸಡಿಲವಾಗುತ್ತದೆ ಎಂದು ಓದಿದವರು ಹೇಳುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಪ್ರೇಮಕ್ಕೊಂದು, ಭಯಕ್ಕೊಂದು ಎಂದು ಅಧ್ಯಾಯಗಳನ್ನು ಹಂಚಬೇಡಿ. ಆಕೆ ಅವನನ್ನು ಮೆಚ್ಚುವ ಕಾರಣವೇ ಶಂಕಿಸುವ ಕಾರಣವೂ ಆಗಲಿ. ಊರಿಗೆ ಹೊಸಬನಾದ ಅವನು, ನೀರುದೋಸೆಗೆ ಅಪ್ಪ ಕೇಳುತ್ತಿದ್ದಂತೆಯೇ ಬೆಲ್ಲ ಬೆರೆಸಿದ ಕಾಯಿತುರಿಯನ್ನು ಕೇಳಿದಾಗ, ಚಿಲ್ಲರೆ ಎಣಿಸುತ್ತಿದ್ದ ಆಕೆಯ ಬೆರಳುಗಳು ಅರೆಕ್ಷಣ ನಿಂತರೆ, ಒಲವೂ ಅನುಮಾನವೂ ಒಟ್ಟಿಗೇ ಹುಟ್ಟುತ್ತವೆ.

ಹೋಟೆಲನ್ನು ಚಾರ್ಮಾಡಿ ಘಾಟಿಯ ಮೇಲ್ತುದಿಯ ಊರಾದ ಕೊಟ್ಟಿಗೆಹಾರದಲ್ಲಿಡಿ ಎಂಬುದು ನನ್ನ ಆಸೆ. 2019ರ ಆಗಸ್ಟ್ ಮಳೆಗೆ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಂತಿತ್ತು. ಅಂಥದೊಂದು ರಾತ್ರಿ ಅವನು ಅಲ್ಲಿಯೇ ಉಳಿಯುವುದು ಅತ್ಯಂತ ಸಹಜವಾಗಿ ಕಾಣುತ್ತದೆ. ಪೊಲೀಸ್ ವಿಚಾರಣೆಯನ್ನು ಒಂದೆರಡು ಪುಟಗಳಲ್ಲಿ ಮುಗಿಸಿ. ನಿಜವಾದ ಸುಳಿವು ಅಪ್ಪನ ಉದ್ರಿ ಪುಸ್ತಕದಲ್ಲಿರಲಿ: ಕಾಫಿ ಕೊಯ್ಲಿನ ಕಾಲಕ್ಕೆ, ಕೈಯಲ್ಲಿ ಕಾಸಾಡುವಾಗ, ಎಲ್ಲರ ಬಾಕಿಯೂ ತೀರುತ್ತಿದ್ದರೆ, ಒಂದು ಹೆಸರಿನ ಬಾಕಿ ಮಾತ್ರ ಸುರಿಮಳೆಯ ಜುಲೈನಲ್ಲಿ, ಅಪ್ಪ ಕಾಣೆಯಾದ ಮರುದಿನದ ತಾರೀಖಿನಲ್ಲಿ, ಅಪ್ಪನದೇ ಕೈಬರಹದಲ್ಲಿ ತೀರಿರಲಿ.