ಒಳಗಿನ ದೇವಿ ‘ಬೇಡ’ ಅಂದರೆ?

ಪ್ರಶ್ನೆ: ನನಗೆ 43 ವರ್ಷ. ನಾಲ್ಕು ವರ್ಷದಿಂದ ಹೆಂಗಸರಿಗೆ ಮಾತ್ರ ಇರುವ ಯೋಗ ತರಗತಿಗೆ ಹೋಗುತ್ತಿದ್ದೇನೆ. ಅಮ್ಮ ತೀರಿಕೊಂಡಾಗ ನನ್ನ ಕೈ ಹಿಡಿದದ್ದೇ ಆ ಗುಂಪು. ಹೇಳಿಕೊಡುವವರೂ ಹೆಂಗಸೇ, ಎಲ್ಲರೂ ಅವರನ್ನು ಅಕ್ಕ ಎನ್ನುತ್ತೇವೆ. ‘ನಿಮ್ಮೊಳಗೆ ದೇವಿ ಇದ್ದಾಳೆ, ಅವಳ ಮಾತು ಕೇಳಿ’ ಎಂದು ಯಾವಾಗಲೂ ಹೇಳುತ್ತಾರೆ. ಕೆಲವು ತಿಂಗಳಿಂದ ಶೀರ್ಷಾಸನ ಮಾಡಿದ ದಿನ ನನಗೆ ಕತ್ತು ಹಿಡಿದುಕೊಳ್ಳುತ್ತಿದೆ, ಬಲಗೈ ಹೆಬ್ಬೆರಳಿನ ತನಕ ಜುಮ್ಮೆನ್ನುತ್ತದೆ. ಇದು ನನಗೆ ಬೇಡ ಅನಿಸುತ್ತಿದೆ ಎಂದೆ. ‘ಅದು ದೇವಿಯ ಮಾತಲ್ಲ, ನಿನ್ನ ಅಹಂಕಾರ. ಹೆದರಿಕೆ ಬಿಟ್ಟು ಶರಣಾಗು’ ಎಂದು ಅಕ್ಕನೇ ಕಾಲು ಹಿಡಿದೆತ್ತಿ ನಿಲ್ಲಿಸಿದರು. ಗಂಡನಿಗೆ ಹೇಳಿದರೆ ‘ಯೋಗಗೀಗ ಎಲ್ಲ ಬಿಡು, ಮೊದಲೇ ಹೇಳಿದ್ದೆ’ ಅಂತಾರೆ. ನನ್ನ ಒಳದನಿ ನಿಜವೋ, ಬರೀ ಭಯವೋ? ಹೇಗೆ ಗೊತ್ತಾಗುತ್ತದೆ?
– ಹೆಸರು ಬೇಡ

ಉತ್ತರ: ದೇವಿಯ ವಿಷಯ ಆಮೇಲೆ. ಮೊದಲು ಹೆಬ್ಬೆರಳು.

ಕತ್ತಿನಿಂದ ಹೊರಡುವ ನರಗಳಲ್ಲಿ ಆರನೆಯದು ಕೈಗಿಳಿದು ಹೆಬ್ಬೆರಳಿನ ಕಡೆಗೇ ಹೋಗುತ್ತದೆ. ಕತ್ತಿನ ಮೂಳೆಗಳ ಹತ್ತಿರ ಅದು ಒತ್ತಿಕೊಂಡರೆ ನೀವು ಬರೆದ ಹಾಗೆಯೇ ಜುಮ್ಮೆನ್ನುತ್ತದೆ. ಮಣಿಕಟ್ಟಿನಲ್ಲಿ ಬೇರೊಂದು ನರ ಒತ್ತಿಕೊಂಡರೂ ಹೀಗಾಗಬಹುದು. ಯಾವುದೆಂದು ಪತ್ರ ಓದಿ ಹೇಳುವ ಹಾಗಿಲ್ಲ, ವೈದ್ಯರು ಕತ್ತು, ಕೈ ಎರಡನ್ನೂ ಪರೀಕ್ಷಿಸಿಯೇ ಹೇಳಬೇಕು. ಅಲ್ಲಿಯ ತನಕ ಶೀರ್ಷಾಸನ ಬಂದ್. ಕೈಯಲ್ಲಿ ಬಲ ಕಮ್ಮಿಯಾಗಿ ಲೋಟ ಜಾರತೊಡಗಿದರೆ, ನಡೆಯುವಾಗ ಹೆಜ್ಜೆ ತಪ್ಪಿದರೆ, ಅಪಾಯಿಂಟ್‌ಮೆಂಟ್ ಸಿಗಲಿ ಎಂದು ಕಾಯದೆ ಅದೇ ದಿನ ಹೋಗಿ.

ಶೀರ್ಷಾಸನ ಹೇಳಿಕೊಡುವಾಗ ‘ತೂಕವೆಲ್ಲ ಮುಂಗೈ ಮೇಲಿರಲಿ, ತಲೆ ಸುಮ್ನೆ ನೆಲ ತಾಗಲಿ’ ಎನ್ನುತ್ತಾರೆ. ಹೇಳುವುದು ಸುಲಭ. ಅಳೆದು ನೋಡಿದಾಗ, ಅಭ್ಯಾಸ ಇರುವವರಲ್ಲೂ ಮೈತೂಕದ ಶೇ 40ಕ್ಕಿಂತ ಜಾಸ್ತಿ ತಲೆಯ ಮೇಲೇ ಬಿದ್ದದ್ದು ಕಂಡುಬಂದಿದೆ. ನೀವು 60 ಕೆಜಿ ಇದ್ದರೆ 24 ಕೆಜಿ ಆಯಿತು. ಕತ್ತು ದಿನವಿಡೀ ಹೊರುವುದು ಐದು ಕೆಜಿಯಷ್ಟಿರುವ ತಲೆಯನ್ನು. ಅದರ ಮೇಲೆ ಇನ್ನೊಬ್ಬರು ಕಾಲು ಹಿಡಿದೆತ್ತಿದರೆ ಭಾರ ಎಲ್ಲಿ ಬೀಳುತ್ತಿದೆ ಎಂಬ ಅಂದಾಜೇ ನಿಮಗೆ ಸಿಗುವುದಿಲ್ಲ. ಬೇಡ ಎಂದವರನ್ನು ಹಾಗೆ ಎತ್ತಿ ನಿಲ್ಲಿಸಿದ್ದು ತಪ್ಪು. ಹೆಂಗಸು ಹೆಂಗಸಿಗೆ ಮಾಡಿದರೂ ತಪ್ಪೇ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಭಯಕ್ಕೂ ಮೈಯ ಸೂಚನೆಗೂ ವ್ಯತ್ಯಾಸ ಗೊತ್ತು ಮಾಡಿಕೊಳ್ಳಬಹುದು. ಭಯ ಸಾಮಾನ್ಯವಾಗಿ ಕೆಲಸಕ್ಕೆ ಮೊದಲೇ ಬಂದು ಕೂರುತ್ತದೆ. ಬಿದ್ದರೆ ಏನು ಗತಿ, ಎಲ್ಲರೂ ನಕ್ಕರೆ, ನನಗೆ ವಯಸ್ಸಾಯಿತಲ್ಲ ಎಂದು ಕಥೆ ಕಟ್ಟುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಉಸಿರು ಮೇಲೆ ನಿಲ್ಲುತ್ತದೆ. ಗೋಡೆಯ ಆಸರೆ ಸಿಕ್ಕು ನಾಲ್ಕು ಸಲ ಸರಿಯಾಗಿ ಉಸಿರಾಡಿದರೆ ಮುಕ್ಕಾಲು ಪಾಲು ಇಳಿದುಹೋಗುತ್ತದೆ. ಮೈಯ ಸೂಚನೆಗೆ ಇಷ್ಟೆಲ್ಲ ಮಾತು ಬರುವುದಿಲ್ಲ. ಅದಕ್ಕೆ ಒಂದು ಜಾಗ ಇರುತ್ತದೆ. ಅದೇ ಆಸನದಲ್ಲಿ, ಅದೇ ಬದಿಯಲ್ಲಿ, ಮತ್ತೆ ಮತ್ತೆ ಬರುತ್ತದೆ. ಮ್ಯಾಟ್ ಸುತ್ತಿಟ್ಟ ಮೇಲೂ ಉಳಿಯುತ್ತದೆ. ಮಾಡದ ದಿನ ಇರುವುದಿಲ್ಲ. ನಿಮ್ಮ ಪತ್ರವನ್ನೇ ಇನ್ನೊಂದು ಸಲ ಓದಿ ನೋಡಿ. ಬಿದ್ದುಬಿಡುತ್ತೇನೆ ಎಂದು ನೀವು ಎಲ್ಲೂ ಬರೆದಿಲ್ಲ. ಬಲಗೈ, ಹೆಬ್ಬೆರಳು, ಶೀರ್ಷಾಸನ ಮಾಡಿದ ದಿನ ಎಂದು ಬರೆದಿದ್ದೀರಿ. ಇಷ್ಟು ಕರಾರುವಾಕ್ಕಾಗಿ ಹೆದರುವವರನ್ನು ನಾನು ಕಂಡಿಲ್ಲ.

ನಿಜ ಹೇಳಬೇಕೆಂದರೆ ಒಳದನಿ ಎಂಬ ಮಾತು ಕೇಳಿದರೆ ನನಗೆ ಸ್ವಲ್ಪ ಅನುಮಾನವೇ. ಬೇಕಾದ್ದನ್ನೆಲ್ಲ ಜನ ಅದರ ಬಾಯಲ್ಲಿ ಹೇಳಿಸಿಬಿಡುತ್ತಾರೆ. ಅದು ತಪ್ಪಾಗಲೂಬಹುದು. ಬಿಪಿ ಏರಿದ್ದು ಎಷ್ಟೋ ಜನರಿಗೆ ಒಳಗಿನಿಂದ ಗೊತ್ತೇ ಆಗುವುದಿಲ್ಲ. ಕಣ್ಣಿನ ನರವನ್ನು ಕೆಡಿಸುವ ಗ್ಲಾಕೋಮಾ ಕೂಡ ಅನೇಕರಲ್ಲಿ ಸದ್ದಿಲ್ಲದೆ ಬರುತ್ತದೆ, ತಲೆಕೆಳಗಾಗಿ ನಿಂತರೆ ಕಣ್ಣಿನೊಳಗಿನ ಒತ್ತಡ ಏರುತ್ತದೆ. ಹಾಗಾಗಿ ಮೈ ‘ಬೇಡ’ ಅಂದಾಗ ನಿಲ್ಲಿಸಿ, ಆದರೆ ಮೈ ಸುಮ್ಮನಿದೆ ಎಂದ ಮಾತ್ರಕ್ಕೆ ಎಲ್ಲ ಸರಿಯಿದೆ ಎಂದುಕೊಳ್ಳಬೇಡಿ. ಕತ್ತು ತೋರಿಸಲು ಹೋದಾಗ ಬಿಪಿಯನ್ನೂ ನೋಡಿಸಿ. ಕಣ್ಣಿನ ಒತ್ತಡವನ್ನೂ ಒಮ್ಮೆ ಪರೀಕ್ಷೆ ಮಾಡಿಸಿಬಿಡಿ.

‘ನಾನೇ ಸಾಧನೆಯಲ್ಲಿ ಹಿಂದೆ ಬಿದ್ದೆನೇನೋ’ ಎಂಬ ಅಳುಕು ನಿಮ್ಮ ಪತ್ರದಲ್ಲಿದೆ. ಶಾಸ್ತ್ರದ ಮಾತು ಬೇಕಿದ್ದರೆ ಶಾಸ್ತ್ರವೂ ನಿಮ್ಮ ಕಡೆಗೇ ಇದೆ. ಆಸನ ಸ್ಥಿರವಾಗಿರಬೇಕು, ಸುಖವಾಗಿರಬೇಕು ಎಂದು ಪತಂಜಲಿ ಹೇಳಿದ್ದಾನೆ. ಅದೇ ಯೋಗಸೂತ್ರದಲ್ಲಿ ಎಂಟು ಅಂಗಗಳ ಲೆಕ್ಕ ಶುರುವಾಗುವುದು ಯಮದಿಂದ, ಅಂದರೆ ನಡತೆಯ ಕಟ್ಟುಪಾಡುಗಳಿಂದ, ಅವುಗಳಲ್ಲಿ ಮೊದಲನೆಯದು ಅಹಿಂಸೆ. ಆಸನದ ಸರದಿ ಬರುವುದು ಅದಾದ ಮೇಲೆ. ಮುಂದೆ ಬರಲಿರುವ ದುಃಖವನ್ನು ತಪ್ಪಿಸಿಕೊಳ್ಳಬೇಕು ಎಂದೂ ಒಂದು ಸೂತ್ರವಿದೆ. ಹಠಯೋಗ ಪ್ರದೀಪಿಕೆಯಂತೂ ಪ್ರಾಣಾಯಾಮದ ವಿಷಯದಲ್ಲಿ, ಸಿಂಹ, ಆನೆ, ಹುಲಿಗಳನ್ನು ಪಳಗಿಸುವ ಹಾಗೆ ಮೆಲ್ಲಮೆಲ್ಲನೆ ಪಳಗಿಸಿ, ಅವಸರ ಮಾಡಿದರೆ ಸಾಧಕನನ್ನೇ ಕೊಂದೀತು ಎಂದು ಎಚ್ಚರಿಸುತ್ತದೆ. ಹಠಯೋಗದ ಪುಸ್ತಕವೇ ಇಷ್ಟು ನಿಧಾನ ಮಾಡಿ ಅನ್ನುತ್ತಿದೆ, ಅಲ್ವಾ?

ಇನ್ನು ದೇವಿ. ಶಕ್ತಿ ಜೊತೆಗಿಲ್ಲದಿದ್ದರೆ ಶಿವನಿಗೆ ಅಲುಗಾಡಲೂ ಆಗದು ಎಂದು ಸೌಂದರ್ಯಲಹರಿಯ ಮೊದಲ ಶ್ಲೋಕವೇ ಹೇಳುತ್ತದೆ. ಯೋಗದವರು ಕುಂಡಲಿನಿ ಎಂಬ ಶಕ್ತಿಯನ್ನು ಹೆಣ್ಣಾಗಿಯೇ ಕಂಡಿದ್ದಾರೆ, ಅವಳಿರುವುದು ಪ್ರತಿಯೊಬ್ಬರ ಮೈಯೊಳಗೆ. ಇದನ್ನೆಲ್ಲ ಒಪ್ಪುವವರು ನಿಮ್ಮ ಮೈ ಹೇಳಿದ್ದನ್ನೂ ಒಪ್ಪಬೇಕಲ್ಲ? ನೀವು ಹೂಂ ಅಂದಾಗಲೆಲ್ಲ ಅದು ದೇವಿ, ಊಹೂಂ ಅಂದ ಕೂಡಲೇ ಅಹಂಕಾರ ಎಂದಾದರೆ, ಅಲ್ಲಿ ಮಾತಾಡುತ್ತಿರುವುದು ಅಕ್ಕ ಒಬ್ಬರೇ. ಹೆಂಗಸರಿಗೆ ಇದು ಹೊಸದೇನೂ ಅಲ್ಲ. ತಲೆ ತಗ್ಗಿಸು, ಹೊಂದಿಕೊಂಡು ಹೋಗು, ನೋವಾದರೂ ತೋರಿಸಿಕೊಳ್ಳಬೇಡ ಎಂದು ಕೇಳಿಸಿಕೊಂಡೇ ಬೆಳೆದಿರುತ್ತೇವೆ. ಅದೇ ಮಾತನ್ನು ಶರಣಾಗತಿ ಎಂಬ ಹೆಸರಿನಲ್ಲಿ ಹೇಳಿದರೆ ಬೇಗ ಗುರುತು ಸಿಗುವುದಿಲ್ಲ. ಅಕ್ಕಮಹಾದೇವಿಗಿಂತ ದೊಡ್ಡ ಶರಣೆ ಬೇಕೇ? ಅನುಭವ ಮಂಟಪದಲ್ಲಿ ಅಲ್ಲಮಪ್ರಭು ಒಂದರ ಮೇಲೊಂದು ಪ್ರಶ್ನೆ ಎಸೆದಾಗ ಅವಳು ತನ್ನ ಅನುಭವವನ್ನೇ ಮುಂದಿಟ್ಟು ಉತ್ತರ ಕೊಟ್ಟಳು ಎಂದು ಶೂನ್ಯಸಂಪಾದನೆ ಹೇಳುತ್ತದೆ. ಅದನ್ನು ಅಲ್ಲಮ ಅಹಂಕಾರ ಅನ್ನಲಿಲ್ಲ. ಮೆಚ್ಚಿಕೊಂಡ.

ನಿಮ್ಮ ಅಕ್ಕ ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ಕಷ್ಟಕಾಲದಲ್ಲಿ ಆ ಗುಂಪು ನಿಮ್ಮ ಜೊತೆಗಿತ್ತು, ಅದು ಸಣ್ಣ ಮಾತಲ್ಲ. ಆದರೆ ಆ ಋಣವನ್ನು ಕತ್ತಿನಿಂದ ತೀರಿಸಬೇಕಾಗಿಲ್ಲ.

ಗಂಡನ ವಿಷಯಕ್ಕೆ ಜಾಸ್ತಿ ಹೊತ್ತು ಬೇಡ. ಅವರಿಗೂ ಅಕ್ಕನಿಗೂ ಒಂದು ವಿಷಯದಲ್ಲಿ ಹೋಲಿಕೆಯಿದೆ, ಇಬ್ಬರೂ ನಿಮ್ಮ ಮೈಯನ್ನು ಕೇಳದೆ ತೀರ್ಪು ಕೊಟ್ಟಿದ್ದಾರೆ. ‘ಯೋಗ ಬಿಡುತ್ತಿಲ್ಲ, ಒಂದು ಆಸನ ಬಿಡುತ್ತಿದ್ದೇನೆ. ಡಾಕ್ಟರ ಹತ್ತಿರ ಹೋಗುವಾಗ ಜೊತೆಗೆ ಬನ್ನಿ’ ಎಂದುಬಿಡಿ. ಮೊದಲೇ ಹೇಳಿದ್ದೆ ಎಂದು ಇನ್ನೊಂದು ಸಲ ಅಂದರೆ ಅನ್ನಲಿ ಬಿಡಿ.

ಅಕ್ಕನ ಜೊತೆ ತರಗತಿ ನಡೆಯುವಾಗ ಈ ಮಾತು ಎತ್ತಬೇಡಿ. ಎಲ್ಲರೆದುರು ಅವರು ಸೋಲಲು ಒಪ್ಪುವುದಿಲ್ಲ, ನೀವೂ ತೊದಲುತ್ತೀರಿ. ಶುರುವಾಗುವ ಮುಂಚೆ ಪಕ್ಕಕ್ಕೆ ಕರೆದು ಹೇಳಿ: ‘ಅಕ್ಕ, ಕೈ ಜುಮ್ಮೆನ್ನುತ್ತಿದೆ. ವೈದ್ಯರು ಹೇಳುವ ತನಕ ಶೀರ್ಷಾಸನ ಮಾಡುವುದಿಲ್ಲ. ಕೇಳದೆ ನನ್ನನ್ನು ಮುಟ್ಟಿ ಸರಿಪಡಿಸಬೇಡಿ.’ ಇಷ್ಟೇ ಸಾಕು. ಒಳದನಿ, ದೇವಿ ಯಾವುದನ್ನೂ ಮಧ್ಯೆ ತರಬೇಡಿ, ವಾದ ಬೆಳೆಯುತ್ತದೆ. ಬದಲಿಗೆ ಸರ್ವಾಂಗಾಸನವೋ ಹಲಾಸನವೋ ಮಾಡು ಎಂದರೆ ಅದಕ್ಕೂ ಒಪ್ಪಬೇಡಿ, ಅವುಗಳಲ್ಲೂ ಕತ್ತು ಬಾಗಿ ಭಾರ ಬೀಳುತ್ತದೆ. ವೈದ್ಯರು ಬೇಡ ಎನ್ನದಿದ್ದರೆ, ಉಳಿದವರು ತಲೆಕೆಳಗಾಗಿ ನಿಂತಾಗ ನೀವು ಬೆನ್ನ ಮೇಲೆ ಮಲಗಿ ಕಾಲನ್ನು ಗೋಡೆಗೆ ಒರಗಿಸಿಕೊಂಡಿರಿ.

ಅಕ್ಕ ಸರಿ ಎಂದರೆ ಅಲ್ಲೇ ಮುಂದುವರಿಸಿ. ಮುಖ ಸಿಂಡರಿಸಿಕೊಂಡರೂ ಮಾತಿಗೆ ಬೆಲೆ ಕೊಟ್ಟರೆ ಸಾಕು, ಎರಡು ವಾರ ನೋಡಿ. ಮತ್ತೆ ಕಾಲು ಹಿಡಿಯಲು ಬಂದರೆ ಮಾತ್ರ ಬೇರೆ ತರಗತಿ ಹುಡುಕಿ. ಗೆಳತಿಯರು ದೂರವಾಗುತ್ತಾರೆ ಎಂಬ ಚಿಂತೆ ಬೇಡ. ಅವರ ನಂಬರುಗಳು ನಿಮ್ಮ ಫೋನಿನಲ್ಲೇ ಇರುತ್ತವಲ್ಲ. ಒಬ್ಬೊಬ್ಬರಿಗೇ ಕರೆ ಮಾಡಿ. ಅವರಲ್ಲಿ ಇನ್ನೊಬ್ಬರಿಗೂ ಕತ್ತು ನೋಯುತ್ತಿದ್ದರೆ ನನಗೇನೂ ಆಶ್ಚರ್ಯವಿಲ್ಲ.